ಕೆಡ್ಡಸ ಮುಂದೆ ಹಾಕಿದ ವರ್ಷ

ಕರ್ಗಿ ಎಂದೂ ಶಾಲೆಯ ಜಗಲಿ ಹತ್ತಿದವಳಲ್ಲ. ಒಳಗೆ ಮಕ್ಕಳು ಕೂರುವ ಚಾಪೆಗಳನ್ನು ಹೆಣೆದವಳು ಮಾತ್ರ ಅವಳೇ. ಚಾಪೆಗೆ ಮೈಲಿಗೆ ಇಲ್ಲ, ಹೆಣೆದ ಕೈಗೆ ಉಂಟು. ಇದನ್ನು ಕಂಡುಹಿಡಿದ ಪುಣ್ಯಾತ್ಮನ ತಲೆಗೆ ಒಂದು ಪೇಟ ಸುತ್ತಬೇಕು. ಚಾಪೆ ಹರಿದಾಗ ಹೆಡ್‌ಮಾಷ್ಟ್ರು ಮಹಾಬಲರು ಕಿಟಕಿಯಿಂದ ಕೂಗುತ್ತಿದ್ದರು. ಅವಳು ಹೊಸದನ್ನು ತಂದು ಮೆಟ್ಟಿಲ ಕೆಳಗೆ ಇಟ್ಟು ಹತ್ತು ಮಾರು ಹಿಂದೆ ಸರಿಯುತ್ತಿದ್ದಳು. ಆಮೇಲೆ ಒಳಗಿನವರು ಬಂದು ಅದಕ್ಕೆ ನೀರು ಚಿಮುಕಿಸಿ ಎತ್ತಿಕೊಂಡು ಹೋಗುತ್ತಿದ್ದರು.

ಚಾಪೆ ಸುಮ್ಮನೆ ಆಗುವುದಲ್ಲ. ಕೇದಗೆಯ ಹಾಗಿರುವ ಮುಂಡೇವಿನ ಎಲೆಯ ಎರಡು ಅಂಚಿನಲ್ಲಿ ಗರಗಸದಂಥ ಮುಳ್ಳು, ನಡುವಿನ ನರದಲ್ಲಿ ಮತ್ತೊಂದು ಸಾಲು. ಮೊಣಕಾಲು ಕೆಸರಿನಲ್ಲಿ ನಿಂತು ಕೊಯ್ಯಬೇಕು. ಕಾಲಿಗೆ ಜಿಗಣೆ, ಕೈಗೆ ಮುಳ್ಳು. ಹೊರೆ ಕಟ್ಟಿ ತಂದು, ಮುಳ್ಳು ಸೀಳಿ ತೆಗೆದು, ಸುರುಳಿ ಸುತ್ತಿ ಬೇಯಿಸಿ, ನೀರಲ್ಲಿ ಹಾಕಿ, ಒಣಗಿಸಿ, ಮತ್ತೆ ಸೀಳಿ ಹೆಣೆಯಬೇಕು. ಕರ್ಗಿಯ ಅಂಗೈಯಲ್ಲಿ ಗೆರೆ ಯಾವುದು, ಗಾಯ ಯಾವುದು ಎಂದು ಅವಳಿಗೇ ಗೊತ್ತಿರಲಿಲ್ಲ. ಗಂಡ ಅಂಗರ ಸತ್ತ ಮೇಲೆ ಆರು ವರ್ಷದಿಂದ ಅವಳ ಗಂಜಿ ಈ ಮುಂಡೇವಿನಿಂದಲೇ.

ಮುಂಡೇವು ಬೆಳೆಯುವುದು ಕೆದುವಿನಲ್ಲಿ. ಕೋಡಿಂಬಾಳದಿಂದ ಆಚೆ ಗುಡ್ಡದ ಬುಡದಲ್ಲಿರುವ ಆ ಜೌಗು ಕೆರೆಯೂ ಅಲ್ಲ, ಗದ್ದೆಯೂ ಅಲ್ಲ. ಎಪ್ರಿಲಿನಲ್ಲಿ ಊರಿನ ಬಾವಿಗಳೆಲ್ಲ ತಳ ತೋರಿಸಿದರೂ ಕೆದುವಿನಲ್ಲಿ ಸೊಂಟದುದ್ದ ನೀರು. ಅಲ್ಲಿ ಆಮೆ ಉಂಟು, ಕೊಕ್ಕರೆ ಉಂಟು. ಮುಂಡೇವಿನ ಬೇರಿನ ಸಂದಿನಲ್ಲಿ ಒಂದು ಜೋಡಿ ನೀರುನಾಯಿ ಮರಿ ಹಾಕುತ್ತದೆ. ಮರಿ ಇರುವ ತಿಂಗಳಲ್ಲಿ ಕರ್ಗಿ ಆ ಬದಿಯ ಎಲೆ ಕೊಯ್ಯುವುದಿಲ್ಲ. ಯಾರೂ ಅವಳಿಗೆ ಕಲಿಸಿದ್ದಲ್ಲ. ತಾಯಿ ಮರಿಗೆ ಹಾಲು ಕೊಡುವಾಗ ಮನೆಯ ಗೋಡೆ ಕೀಳಬಾರದು ಎಂದು ತಿಳಿಯಲು ಸ್ಲೇಟು ಬೇಡ.

ಶಾಲೆ ಇದ್ದದ್ದು ಕೆದುವಿನ ದಂಡೆಯ ಮೇಲೆಯೇ. ಹಾಗಾಗಿ ಎಲೆ ಕೊಯ್ಯುವಾಗ ಪಾಠ ಕೇಳುತ್ತಿತ್ತು. ೧೯೫೮ರ ಜನವರಿಯಲ್ಲಿ ಒಂದು ಹೊಸ ಪಾಠ ಶುರುವಾಯಿತು.

“ಖಡ್ಗಮೃಗವನ್ನು ಕಾಪಾಡೋಣ!” ಎಂದು ಮಾಷ್ಟ್ರು ಹೇಳಿದರು.

“ಖಡ್ಗಮೃಗವನ್ನು ಕಾಪಾಡೋಣ!” ಎಂದು ನಲುವತ್ತು ಬಾಯಿ ಒಟ್ಟಿಗೆ.

ಕಡಬದಿಂದ ಸುಳ್ಯದವರೆಗೆ ಯಾರೂ ಖಡ್ಗಮೃಗದ ಬಾಲವನ್ನೂ ಕಂಡವರಲ್ಲ. ಕಾಣದ ಪ್ರಾಣಿಯನ್ನು ಕಾಪಾಡುವುದು ಬಹಳ ಸುಲಭ. ಮಕ್ಕಳು ಒಂದು ವಾರ ಗಂಟಲು ಹರಿಯುವಂತೆ ಕಾಪಾಡಿದರು. ಆಮೇಲೆ ಜೌಗು ನೆಲದ ಪಾಠ ಬಂತು. ಜೌಗು ನೆಲ ದೇಶದ ಸಂಪತ್ತು, ಅದರ ಪ್ರಾಣಿಗಳು ನಮ್ಮ ಬಂಧುಗಳು. ಅವುಗಳ ಶತ್ರು ಯಾರು?

“ಆಮೆ ತಿನ್ನುವವರು, ಉಡ ಹಿಡಿಯುವವರು, ನೀರಿಗೆ ಇಳಿದು ಗಿಡ ಕೊಯ್ಯುವ ಅಜ್ಞಾನಿಗಳು. ಬರಕೊಳ್ಳಿ.”

ಬಳಪಗಳು ಕಿರಿಕಿರಿ ಎಂದವು. ಯಾವನೋ ಕಿಟಕಿಯಿಂದ ಹೊರಗೆ ನೋಡಿ ಕಿಸಕ್ಕನೆ ನಕ್ಕ. ಹೊರಗೆ ನೀರಿನಲ್ಲಿ ಅಜ್ಞಾನಿ ನಿಂತಿದ್ದಳು, ಮಾಷ್ಟ್ರ ಕುರ್ಚಿಯ ಕೆಳಗೆ ಹಾಸಲಿಕ್ಕೆ ಬೇಕಾದ ಎಲೆಯನ್ನೇ ಕೊಯ್ಯುತ್ತ. ಕರ್ಗಿಗೆ ಸಿಟ್ಟು ಬಂತು. ಕತ್ತಿಯನ್ನು ಬಲವಾಗಿ ಎಳೆದಳು. ಎಲೆ ಜಾರಿ ಕತ್ತಿ ಹೆಬ್ಬೆರಳಿಗೆ ತಾಗಿತು.

ಈ ಪಾಠದ ಹಿಂದೆ ಒಂದು ಕಾಗದ ಇತ್ತು. ಅಕ್ಟೋಬರಿನಲ್ಲಿ ಊರೂರಿನ ಶಾಲೆಗಳಲ್ಲಿ ವನ್ಯಪ್ರಾಣಿ ಸಪ್ತಾಹ ಆಗಬೇಕಿತ್ತು. ಅಕ್ಟೋಬರಿನಲ್ಲಿ ಹೊಳೆಯಲ್ಲಿ ನೀರು, ಆಫೀಸರರ ಜೀಪು ದಾಟುವುದಿಲ್ಲ. ಆದ್ದರಿಂದ ಪ್ರಾಣಿಗಳು ಫೆಬ್ರವರಿಯವರೆಗೆ ಕಾಯಬೇಕು ಎಂದು ಮೇಲಿನಿಂದ ಬರೆದರು. ಏಳು ದಿನದ ಸಪ್ತಾಹ ಒಂದು ಮಧ್ಯಾಹ್ನಕ್ಕೆ ಇಳಿಯಿತು. ಅದೇ ಆಫೀಸರರ ಕೈಯಲ್ಲಿ ಇನ್ನೊಂದು ಕೆಲಸವೂ ಇತ್ತು. ಹೆಚ್ಚು ಆಹಾರ ಬೆಳೆಯುವ ಯೋಜನೆಯಲ್ಲಿ ಪಟೇಲ ಮೇದಪ್ಪ ಗೌಡರಿಗೆ ಕೆದು ಮಂಜೂರಾಗಿತ್ತು. ತೋಡು ಕಡಿದು ನೀರು ಹೊಳೆಗೆ ಬಿಟ್ಟು, ಜೌಗನ್ನು ಒಣಗಿಸಿ ಗದ್ದೆ ಮಾಡುವುದು. ಮೊದಲ ಹಾರೆ ಆಫೀಸರರದ್ದು. ಬರುವುದು ಬರುತ್ತಾರೆ, ಎರಡು ಕೆಲಸವೂ ಒಂದೇ ದಿನ ಆಗಲಿ ಎಂದು ಪಟೇಲರೇ ಸೂಚಿಸಿದರು. ಊಟಕ್ಕಿಂತ ಮೊದಲು ಜೌಗನ್ನು ಕಾಪಾಡುವುದು, ಊಟ ಮುಗಿಸಿ ಅದನ್ನು ಕೊಲ್ಲುವುದು.

ಎಲ್ಲ ಸರಿಯಾಯಿತು. ದಿನ ಒಂದು ಸರಿಯಾಗಲಿಲ್ಲ. ಆಫೀಸರರು ಬರೆದ ತಾರೀಕು ಕೆಡ್ಡಸದ ನಡು ದಿನಕ್ಕೆ ಬಿದ್ದಿತ್ತು.

ಮಕರ ತಿಂಗಳು ಮುಗಿಯುವ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆ. ಅದು ಕೆಡ್ಡಸ. ಆ ಮೂರು ದಿನ ನೆಲಕ್ಕೆ ಹಾರೆ ಇಲ್ಲ, ನೇಗಿಲಿಲ್ಲ, ಹಸಿ ಗಿಡಕ್ಕೆ ಕತ್ತಿ ಇಲ್ಲ. ಅಗೆಯಲಿಕ್ಕಿಲ್ಲದ ಗಂಡಸರು ಕೋವಿ ಹಿಡಿದು ಬೇಟೆಗೆ ಹೋಗುತ್ತಾರೆ. ತಾಯಿಗೆ ರಜೆ, ಹಂದಿಗೆ ಇಲ್ಲ. ಕೆಡ್ಡಸ ಬಂತು ಎಂದು ಮನೆಮನೆಗೆ ಸಾರುವವರು ಭೂತ ಕಟ್ಟುವ ನಲಿಕೆಯವರು. ಈ ಊರಿನಲ್ಲಿ ಅದು ಅಂಗರನ ಮನೆತನಕ್ಕೆ ಬಂದ ಕೆಲಸ, ಅಂಗರನ ನಂತರ ಕರ್ಗಿಯದ್ದು. ತೆಂಬರೆ ಎಂಬ ಸಣ್ಣ ಚರ್ಮವಾದ್ಯ ಬಡಿದು ಅವಳು ಕರೆದರೆ ಕೆಡ್ಡಸ ಕೂರುತ್ತದೆ. ನಾಲ್ಕನೆಯ ಬೆಳಿಗ್ಗೆ ಬಂದು “ಮಿಂದಳು” ಎಂದು ಅವಳು ಹೇಳಿದರೆ ಏಳುತ್ತದೆ. ಆ ಮಾತು ಕಿವಿಗೆ ಬೀಳದೆ ಪಟೇಲರ ಮನೆಯ ಹಾರೆಯೂ ಮೂಲೆ ಬಿಟ್ಟು ಅಲ್ಲಾಡುವುದಿಲ್ಲ. ವರ್ಷದಲ್ಲಿ ಮುನ್ನೂರ ಅರುವತ್ತೆರಡು ದಿನ ಊರು ಹೇಳುತ್ತದೆ, ಕರ್ಗಿ ಕೇಳುತ್ತಾಳೆ. ಮೂರು ದಿನ ಮಾತ್ರ ತಿರುಗುಮುರುಗು.

ಪಟೇಲರು ಅವಳನ್ನು ಕರೆಸಿದರು. ಅವರು ಚಾವಡಿಯಲ್ಲಿ, ಅವಳು ಅಂಗಳದ ಆಚೆ ಗೊಬ್ಬರದ ಗುಂಡಿಯ ಬದಿಯಲ್ಲಿ. ಅವರು ಒಳ್ಳೆಯ ಮನಸ್ಸಿನಲ್ಲಿದ್ದರು.

“ಏ ಕರ್ಗಿ, ಈ ಸಲ ಕೆಡ್ಡಸ ನಾಲ್ಕು ದಿನ ಬಿಟ್ಟು ಕರಿ.”

ಅವಳಿಗೆ ಅರ್ಥವಾಗಲಿಲ್ಲ. “ಎಂತ ಧನಿಗಳೇ?”

“ಕಿವಿ ಕೇಳುದಿಲ್ಲವಾ? ಸೋಮವಾರ ಕರಿಯುದು ಬೇಡ, ಶುಕ್ರವಾರ ಕರಿ. ಮಂಗಳವಾರ ಆಫೀಸರರು ಬರ್ತಾರೆ, ಕೆದುವಿಗೆ ಹಾರೆ ಹಾಕ್ಲಿಕ್ಕೆ ಉಂಟು. ನೀನು ಕರಿಯದಿದ್ರೆ ಕೆಡ್ಡಸ ಇಲ್ಲ. ಅಷ್ಟೆ.”

“ಅದು ನಾನು ತರುದಲ್ಲ ಧನಿಗಳೇ. ಅಮ್ಮನಿಗೆ ಆಗುದು ಆ ದಿನ.”

“ಮುಂದೆ ಹಾಕಬಹುದು. ಸರಕಾರದ ಸಪ್ತಾಹವೇ ನಾಲ್ಕು ತಿಂಗಳು ಮುಂದೆ ಹೋಯ್ತು. ಇದು ಎಂತ ದೊಡ್ಡದು?”

ಕರ್ಗಿ ಐವತ್ತು ದಾಟಿದವಳು. ಹೆತ್ತವಳು, ಹೂತವಳು. ತಲೆ ತಗ್ಗಿಸಿಯೇ ಹೇಳಿದಳು: “ಮುಟ್ಟು ಮುಂದೆ ಹಾಕ್ಲಿಕ್ಕೆ ಆಗುದಾ ಧನಿಗಳೇ? ನಿಮ್ಮ ಮನೆಯಲ್ಲಿ ಹೆಂಗಸರು ಹಾಕ್ತಾರಾ?”

 ಪಟೇಲರ ಬಾಯಲ್ಲಿದ್ದ ಎಲೆಯಡಿಕೆ ಅಂಗಳ ದಾಟಿ ಅವಳ ಕಾಲ ಬುಡಕ್ಕೆ ಬಿತ್ತು. ಅವಳಿಗೆಂದು ಗೆರಸೆಯಲ್ಲಿ ಇಟ್ಟಿದ್ದ ಒಂದು ಸೇರು ಅಕ್ಕಿಯನ್ನು ಅವರು ಕಾಲಿನಲ್ಲಿ ನೂಕಿದರು. ಕೋಳಿಗಳು ಓಡಿ ಬಂದವು.

“ಇವಳ ತೆಂಬರೆ ತನ್ನಿ. ಬಡಿಲಿಕ್ಕೆ ಇಲ್ಲದೆ ಹೇಗೆ ಕರೀತಾಳೆ ನೋಡುವ.”

ಇಬ್ಬರು ಆಳುಗಳು ಗುಡಿಸಲಿಗೆ ನುಗ್ಗಿದರು. ತೆಂಬರೆ ಗೋಡೆಯಲ್ಲಿ ಅಂಗರ ತೂಗುಹಾಕಿದ ಮೊಳೆಯಲ್ಲೇ ಇತ್ತು. ಅವರು ಅದನ್ನು ಕೈಯಲ್ಲಿ ಮುಟ್ಟಲಿಲ್ಲ, ಒಂದು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಹೋದರು. ಕರ್ಗಿ ಹಿಂದಿನಿಂದ ಓಡಿದಳು. ಗದ್ದೆಯ ಬದುವಿನಲ್ಲಿ ಎಡವಿ ಬಿದ್ದಳು. ಯಾರೂ ಎಬ್ಬಿಸಲಿಲ್ಲ, ಎಬ್ಬಿಸಬೇಕಾದರೆ ಮುಟ್ಟಬೇಕಲ್ಲ.

ಸೋಮವಾರ ಬಂತು. ಕೆಡ್ಡಸದ ಕರೆ ಬರಲಿಲ್ಲ. ಊರಿನವರಿಗೆ ಪಂಚಾಂಗ ಗೊತ್ತಿಲ್ಲ ಎಂದಲ್ಲ. ಆದರೆ ಕರೆ ಬಾರದೆ ಕೂರುವುದು ಹೇಗೆ, ಕೂರದೆ ಅಗೆಯುವುದು ಹೇಗೆ? ಗುರುವಪ್ಪ ಹಾರೆಯನ್ನು ಮೂರು ಸಲ ಹೆಗಲಿಗೆ ಹಾಕಿ ಮೂರು ಸಲ ಇಳಿಸಿದ. ಅವನು ಪಟೇಲರ ಒಕ್ಕಲು, ತೋಡು ಕಡಿಯುವ ಇಪ್ಪತ್ತು ಜನರ ಮುಂದಾಳು. ಪಟೇಲರ ತಾಯಿ ತಿಮ್ಮಕ್ಕ ಭೂಮಿಗೆ ಬಿಡುವ ಎಣ್ಣೆ, ಸೀಗೆ, ಹುರಿದ ಅಕ್ಕಿಯ ಹಿಟ್ಟು ತಟ್ಟೆಯಲ್ಲಿಟ್ಟುಕೊಂಡು ಬೆಳಿಗ್ಗೆಯಿಂದ ತುಳಸಿಕಟ್ಟೆಯ ಹತ್ತಿರ ಕೂತಿದ್ದರು.

“ಕರ್ಗಿ ಯಾಕೆ ಬರಲಿಲ್ಲ ಮಗ?”

“ಅವಳಿಗೆ ಜ್ವರ ಅಂತೆ,” ಎಂದರು ಪಟೇಲರು.

“ಅವಳಿಗೆ ಜ್ವರ ಬಂದ್ರೆ ಭೂಮಿಗೆ ನಿಲ್ತದಾ?” ಎಂದರು ಮುದುಕಿ. 

ಮಂಗಳವಾರ ಶಾಲೆಗೆ ಮಾವಿನೆಲೆಯ ತೋರಣ. ಅಂಗಳದಲ್ಲಿ ಎರಡು ಮೇಜು. ಮೊದಲಿನದ್ದರಲ್ಲಿ ಕಡವೆಯ ಕೊಂಬು ನಾಲ್ಕು ಜೊತೆ, ಚಿರತೆಯ ಚರ್ಮ ಒಂದು, ಕಾಡುಕೋಣದ ತಲೆ ಒಂದು. ಮಾಷ್ಟ್ರು ಚೆಂದದ ಅಕ್ಷರದಲ್ಲಿ ಬರೆದಿದ್ದರು: ‘ನಮ್ಮ ಪ್ರಾಣಿ ಸಂಪತ್ತು. ದಾನಿಗಳು: ಶಾಲಾ ಮೇನೇಜರ್ ಪಟೇಲ್ ಮೇದಪ್ಪ ಗೌಡರು.’ ಎರಡನೆಯ ಮೇಜಿನಲ್ಲಿ ಬಿದಿರಿನ ಮೀನುಕೂಳಿ ಒಂದು, ಉರುಳು ಒಂದು, ಕರ್ಗಿಯ ತೆಂಬರೆ. ಅದಕ್ಕೆ ಬಿಗಿದದ್ದು ಉಡದ ಚರ್ಮ, ಅಂಗರನ ಅಜ್ಜ ಯಾವ ಕಾಲದಲ್ಲೋ ಬಿಗಿದದ್ದು. ಕೆಳಗಿನ ಬರಹ: ‘ಅಜ್ಞಾನಿಗಳ ಹಿಂಸಾ ಸಾಧನಗಳು.’ ಒಂದೇ ಒಂದು ಉಡ, ಅಪರಾಧಿಯಾಯಿತು. ಆರು ದೊಡ್ಡ ಪ್ರಾಣಿ, ದಾನವಾಯಿತು.

ಆಫೀಸರರು ಮೈಸೂರು ಕಡೆಯವರು, ಬೆವರುತ್ತ ಬಂದರು. ಅವರ ಕುರ್ಚಿಗೆ ಮೆತ್ತಗಿರಲಿ ಎಂದು ಪಟೇಲರು ಮನೆಯಿಂದ ಒಂದು ಕಂದು ಚರ್ಮ ತರಿಸಿ ಹಾಸಿದ್ದರು.

“ಬಹಳ ನಯವಾಗಿದೆ ಕಣ್ರೀ. ಯಾವುದಿದು?”

“ನೀರುನಾಯಿ ಸಾರ್. ಇದೇ ಕೆದುವಿನದ್ದು. ಹೋದ ತಿಂಗಳು ನಾನೇ ಹೊಡೆದದ್ದು.”

ಬೇಲಿಯ ಹೊರಗೆ ನಿಂತಿದ್ದ ಕರ್ಗಿಗೆ ಅದು ಕೇಳಿಸಿತು. ಹೋದ ತಿಂಗಳಿನಿಂದ ಮರಿಗಳು ಮುಂಡೇವಿನ ಬುಡದಲ್ಲಿ ಯಾಕೆ ಅಷ್ಟು ಕೂಗುತ್ತಿದ್ದವು, ಒಂದೊಂದೇ ಯಾಕೆ ಸುಮ್ಮನಾದವು ಎಂದು ಈಗ ಗೊತ್ತಾಯಿತು. 

ಪಟೇಲರ ಮೊಮ್ಮಗಳು ಶೀಲಾವತಿ ಎದ್ದು ನಿಂತು ಭಾಷಣ ಒಪ್ಪಿಸಿದಳು. “ನೀರುನಾಯಿ ಜೌಗಿನ ಜೀವ. ಅದು ಇದ್ದಲ್ಲಿ ನೀರು ಶುದ್ಧ. ಅದನ್ನು ಕೊಲ್ಲುವವನು ತನ್ನ ಮನೆಯ ಬಾವಿಯನ್ನು ತಾನೇ ಮುಚ್ಚಿದಂತೆ.” ಆಫೀಸರರು ಆ ಜೀವದ ಮೇಲೆ ಕೂತೇ ಚಪ್ಪಾಳೆ ತಟ್ಟಿದರು. ಹುಡುಗಿಗೆ ಏನೂ ಗೊತ್ತಿರಲಿಲ್ಲ, ಪಾಪ. ಮಾಷ್ಟ್ರಿಗೆ ಎಲ್ಲ ಗೊತ್ತಿತ್ತು. ಮೇನೇಜರರ ಎದುರು ಗೊತ್ತಿರುವುದು ಸಂಬಳಕ್ಕೆ ಒಳ್ಳೆಯದಲ್ಲ. ಅವರು ಮಾವಿನೆಲೆ ಎಣಿಸುತ್ತ ನಿಂತಿದ್ದರು.

ಬೇಲಿಯಾಚೆ ಇಪ್ಪತ್ತು ಜನ ಹಾರೆ, ಪಿಕಾಸಿ ಹಿಡಿದು ಸಾಲಾಗಿ ನಿಂತಿದ್ದರು. ಆಫೀಸರರ ಹಾರೆಗೆ ಮಲ್ಲಿಗೆಯ ಮಾಲೆ ಸುತ್ತಿತ್ತು. ಇನ್ನು ಊಟ, ಊಟದ ಮೇಲೆ ತೋಡು.

ಆಗ ಕರ್ಗಿ ಬೇಲಿಯ ತಡಮೆ ದಾಟಿದಳು.

ಮೊದಲು ಯಾರಿಗೂ ಅದು ಕಣ್ಣಿಗೆ ಬೀಳಲಿಲ್ಲ. ಆಗಲಾರದ್ದು ಆಗುವಾಗ ಹಾಗೆಯೇ. ಅವಳು ಅಂಗಳದ ನಡುವಿನಿಂದ ನಡೆದು ತೆಂಬರೆಯ ಮೇಜಿನ ಕಡೆ ಹೊರಟಳು. ಪಟೇಲರ ಆಳು ಅಡ್ಡ ಬಂದ. ಆದರೆ ಹಿಡಿಯಬೇಕಾದರೆ ಮುಟ್ಟಬೇಕು. ಆಫೀಸರರ ಎದುರು ಮುಟ್ಟಿ, ಮತ್ತೆ ಅಲ್ಲೇ ಊಟ ಬಡಿಸುವುದು ಹೇಗೆ? ಅವನು ಎರಡೂ ಕೈ ಅಗಲಿಸಿ ಕೋಳಿ ಓಡಿಸುವವನಂತೆ ಹುಶ್ ಹುಶ್ ಎಂದ. ಅವಳು ತಿರುಗಿ ಜಗಲಿಯ ಮೆಟ್ಟಿಲಿಗೆ ಹೋದಳು. ಒಂದು, ಎರಡು, ಮೂರು ಮೆಟ್ಟಿಲು. ಜಗಲಿಯಲ್ಲಿ ಶಾಲೆಯ ಗಂಟೆ ತೂಗುತ್ತಿತ್ತು, ರೈಲು ಕಂಬಿಯ ತುಂಡು. ಬದಿಯಲ್ಲಿದ್ದ ಕಬ್ಬಿಣದ ಸರಳನ್ನು ತೆಗೆದುಕೊಂಡು ಅವಳು ಬಡಿದಳು.

ಠಣ್. ಠಣ್. ಠಣ್.

“ಅಮ್ಮ ಹೊರಗೆ ಕೂತಿದ್ದಾಳೆ! ಹಾರೆ ಮೂಲೆಗೆ, ಕತ್ತಿ ಮಾಡಿನ ಸಂದಿಗೆ! ಕೆಡ್ಡಸ ಬಂತು, ಕೇಳಿ ಊರಿನವರೇ, ಕೆಡ್ಡಸ ಬಂತು!”

ಗುರುವಪ್ಪನ ಹಾರೆ ನೆಲಕ್ಕೆ ಇಳಿಯಿತು. ಅವನ ಬದಿಯವನದ್ದು, ಮತ್ತೊಬ್ಬನದ್ದು. ಇಪ್ಪತ್ತು ಕಬ್ಬಿಣ ಮೆಲ್ಲ ನೆಲಕ್ಕೆ ಮಲಗಿತು. ಹೆಂಗಸರ ಸಾಲಿನಿಂದ ತಿಮ್ಮಕ್ಕ ಕೋಲೂರಿ ಎದ್ದರು.

“ಜ್ವರ ಅಂತ ಹೇಳಿದ್ದಲ್ಲವಾ ನೀನು?” ಎಂದು ಮಗನನ್ನು ಕೇಳಿದರು. ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ಆಮೇಲೆ ಎಣ್ಣೆಯ ತಟ್ಟೆ ನೆನಪಾಗಿ ಮನೆಯ ಕಡೆ ಹೊರಟರು. ಹೆಂಗಸರೆಲ್ಲ ಅವರ ಹಿಂದೆ ಹೋದರು.

“ಏನ್ರೀ ಅದು? ಯಾರ್ರೀ ಆಯಮ್ಮ?” ಎಂದರು ಆಫೀಸರರು.

ಮಹಾಬಲ ಮಾಷ್ಟ್ರು ಕೈ ಹೊಸಕಿದರು. “ಸಾರ್, ಭೂಮಿಗೆ... ಸ್ವಲ್ಪ ಅಸೌಖ್ಯ.”

“ಯಾವಾಗ ಸರಿಹೋಗತ್ತಂತೆ?”

“ಮೂರು ದಿನ ಸಾರ್.”

“ರಜಾ ಚೀಟಿ ಕೊಟ್ಟಿದೆಯೇನ್ರೀ?” ಎಂದು ತಮ್ಮ ತಮಾಷೆಗೆ ತಾವೇ ನಕ್ಕು, ಆಫೀಸರರು ಊಟ ಮಾಡಿ, ಮಾಲೆ ಸುತ್ತಿದ ಹಾರೆಯೊಟ್ಟಿಗೆ ಒಂದು ಪಟ ತೆಗೆಸಿಕೊಂಡು ಜೀಪು ಹತ್ತಿದರು. ಊಟಕ್ಕೆ ಕೆದುವಿನ ಕೊಕ್ಕರೆಯ ಸಾರು ಇತ್ತು. ಬಹಳ ಚೆನ್ನಾಗಿದೆ ಎಂದರು. ಹೋಗುವ ಮೊದಲು ಎರಡನೆಯ ಮೇಜಿನ ತೆಂಬರೆಯನ್ನು ತೋರಿಸಿ, ಇದನ್ನು ಮಕ್ಕಳ ತಿಳುವಳಿಕೆಗಾಗಿ ಶಾಲೆಯಲ್ಲೇ ಇಡಬೇಕು ಎಂದು ಅಪ್ಪಣೆಯನ್ನೂ ಕೊಟ್ಟರು.

ಮರುದಿನ ಶಾಲೆಯ ಜಗಲಿಯನ್ನು ಸೆಗಣಿಯಿಂದ ಮೂರು ಸಲ ಸಾರಿಸಿದರು. ಗಂಟೆಗೆ ಹುಣಸೆಹುಳಿ ಹಾಕಿ ತಿಕ್ಕಿದರು. ಚಾಪೆಗಳನ್ನು ಮಾತ್ರ ಯಾರೂ ಹೊರಗೆ ಹಾಕಲಿಲ್ಲ, ಮಕ್ಕಳು ಎಂದಿನಂತೆ ಅವುಗಳ ಮೇಲೆಯೇ ಕೂತರು.

ಮೂರು ದಿನ ಪಟೇಲರು ಹಲ್ಲು ಕಚ್ಚಿ ಕಾದರು. ಮೂರು ದಿನ ಎಷ್ಟು ಹೊತ್ತು? ಶುಕ್ರವಾರ ಬೆಳಿಗ್ಗೆ ಇಪ್ಪತ್ತು ಜನರನ್ನು ಕೆದುವಿನ ದಂಡೆಗೆ ತಂದು ನಿಲ್ಲಿಸಿದರು. ತೋಡಿನ ಬಾಯಿಗೆ ಗೂಟ ಹೊಡೆದಿತ್ತು. ಗುರುವಪ್ಪ ಹಾರೆ ಹಿಡಿದುಕೊಂಡೇ ಇದ್ದ, ಎತ್ತಲಿಲ್ಲ.

“ಹಾಕು ಮಾರಾಯ! ಎಂತ ನೋಡುದು?”

“ಕರ್ಗಿ ಹೇಳಲಿಲ್ಲ ಧನಿಗಳೇ. ಮಿಂದಳು ಅಂತ ಹೇಳಲಿಲ್ಲ. ಮೀಯದವಳ ಮೈಗೆ ಹೊಡೆದ್ರೆ ನಮ್ಮ ಮಕ್ಕಳು ಮರಿ ಉಳಿಲಿಕ್ಕಿಲ್ಲ.”

ಕರ್ಗಿ ಅಲ್ಲೇ ಇದ್ದಳು. ಗೂಟದ ಬದಿಯಲ್ಲಿ ಚಾಪೆ ಹಾಸಿ ಕೂತು ಒಣಗಿದ ಮುಂಡೇವು ಸೀಳುತ್ತಿದ್ದಳು.

“ಹೇಳೇ,” ಎಂದರು ಪಟೇಲರು.

“ತೆಂಬರೆ ಇಲ್ಲದೆ ಹೇಗೆ ಹೇಳುದು ಧನಿಗಳೇ? ನೀವೇ ಕೇಳಿದ್ದಲ್ಲವಾ.”

ಪಟೇಲರು ಆಳುಗಳ ಮುಖ ನೋಡಿದರು. ಆಳುಗಳು ನೀರು ನೋಡಿದರು. ಬಿಸಿಲು ಏರುತ್ತಿತ್ತು, ಇಪ್ಪತ್ತು ಜನರ ಒಂದು ದಿನ ಹಾಳಾಗುತ್ತಿತ್ತು. ಪಟೇಲರು ತಾವೇ ಶಾಲೆಗೆ ಹೋದರು. ಕೋಲು ಸಿಗಲಿಲ್ಲವೋ, ಸಿಟ್ಟಿನಲ್ಲಿ ಮರೆತರೋ, ತೆಂಬರೆಯನ್ನು ಕೈಯಲ್ಲೇ ಹಿಡಿದು ತಂದರು. ಅದರ ದಾರದಲ್ಲಿ ‘ಹಿಂಸಾ ಸಾಧನ’ದ ಚೀಟಿ ಇನ್ನೂ ನೇತಾಡುತ್ತಿತ್ತು. ಹಿಂದೆಯೇ ಪಾಠ ಬಿಟ್ಟು ಮಕ್ಕಳು ಬಂದರು, ಅವರ ಹಿಂದೆ ಮಾಷ್ಟ್ರು. ನಲಿಕೆಯವಳ ತೆಂಬರೆ ಪಟೇಲರ ಎದೆಗೆ ತಾಗಿ ಬರುವುದನ್ನು ಇಡೀ ಶಾಲೆ ನೋಡಿತು. ಆ ದಿನ ಮಕ್ಕಳು ಕಲಿತದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಕರ್ಗಿ ಎದ್ದಳು. ಎರಡೂ ಕೈಯಲ್ಲಿ ತೆಂಬರೆ ತೆಗೆದುಕೊಂಡಳು. ಚೀಟಿ ಹರಿದು ನೀರಿಗೆ ಬಿಟ್ಟಳು. ಬಡಿದಳು.

“ಗದ್ದೆಯಲ್ಲಿ ಮಿಂದಳು! ಅಂಗಳದಲ್ಲಿ ಮಿಂದಳು! ತೋಟದಲ್ಲಿ ಮಿಂದಳು!”

ಪಟೇಲರು ಉಸಿರು ಬಿಟ್ಟರು. ಗುರುವಪ್ಪ ಹಾರೆ ಎತ್ತಿದ.

“ಕೆದುವಿನಲ್ಲಿ ಮಿಂದಿಲ್ಲ.”

“ಎಂತ?”

“ಇಲ್ಲಿ ಇನ್ನೂ ಹರಿತಾ ಉಂಟು ಧನಿಗಳೇ. ಮಗುವನ್ನು ಕೊಂದ್ರೆ ತಾಯಿಗೆ ಬೇಗ ನಿಲ್ಲುದಿಲ್ಲ.”

“ಸುಳ್ಳು! ಕೆಡ್ಡಸ ಮೂರೇ ದಿನ. ಅಜ್ಜನ ಕಾಲದಿಂದ ಮೂರು ದಿನ!”

“ಮುಂದೆ ಹಾಕಬಹುದು ಅಂತ ನೀವೇ ಹೇಳಿದ್ದು.” ಅವಳು ಈ ಸಲ ತಲೆ ತಗ್ಗಿಸಲಿಲ್ಲ. “ನಾನು ಕರಿಯದಿದ್ರೆ ಕೆಡ್ಡಸ ಇಲ್ಲ ಅಂತಲೂ ನೀವೇ ಹೇಳಿದ್ದು. ಹಾಗಾದ್ರೆ ನಾನು ಬಿಡದಿದ್ರೆ ಮುಗಿಯುದೂ ಇಲ್ಲ. ಇಲ್ಲದಿದ್ರೆ ಹೇಳಿ ಧನಿಗಳೇ, ನನ್ನ ಮಾತಿಗೆ ಬೆಲೆ ಇಲ್ಲ ಅಂತ ಈ ಇಪ್ಪತ್ತು ಜನರ ಎದುರು ಹೇಳಿ. ಮತ್ತೆ ನನ್ನನ್ನು ಕರೆಸಿದ್ದು ಯಾಕೆ? ತೆಂಬರೆ ಕದ್ದದ್ದು ಯಾಕೆ? ಈಗ ಎದೆಗೆ ಅಪ್ಪಿಕೊಂಡು ತಂದದ್ದು ಯಾಕೆ?”

ಪಟೇಲರು ಗುರುವಪ್ಪನ ಕೈಯಿಂದ ಹಾರೆ ಕಿತ್ತುಕೊಂಡರು. ಗೂಟದ ಹತ್ತಿರ ಹೋಗಿ ಎತ್ತಿದರು. ಆಚೆ ದಂಡೆಯಲ್ಲಿ ತಿಮ್ಮಕ್ಕ ಎಣ್ಣೆಯ ತಟ್ಟೆ ಹಿಡಿದು ನಿಂತಿದ್ದರು. “ಮೇದಪ್ಪಾ,” ಎಂದರು, ಅಷ್ಟೇ. ಎತ್ತಿದ ಹಾರೆ ಸ್ವಲ್ಪ ಹೊತ್ತು ಮೇಲೆಯೇ ಇತ್ತು. ಆಮೇಲೆ ಪಟೇಲರು ಅದನ್ನು ಕೆಸರಿಗೆ ಬಿಸಾಡಿ ಮನೆಗೆ ಹೋದರು.

“ಮಾಷ್ಟ್ರೇ, ಇದು ಪರೀಕ್ಷೆಗೆ ಉಂಟಾ?” ಎಂದು ಶೀಲಾವತಿ ಕೇಳಿದಳು. ಮಾಷ್ಟ್ರು ಮಕ್ಕಳನ್ನು ಶಾಲೆಯ ಕಡೆ ಅಟ್ಟಿದರು.

ಮರುವಾರ ಕರ್ಗಿಯ ಗುಡಿಸಲಿನ ಹುಲ್ಲು ಕಿತ್ತು ಬಿಸಾಡಿದರು. ಶಾಲೆಯವರು ಅವಳ ಚಾಪೆ ಬೇಡ ಎಂದರು, ಪಟೇಲರ ಮನೆಯಿಂದ ಅವಳಿಗೆ ಅಕ್ಕಿ ನಿಂತಿತು. ಅವಳು ಮುಂಡೇವಿನ ಚಾಪೆಯನ್ನೇ ಮಾಡಿಗೆ ಹೊದೆಸಿದಳು. ಉಳಿದದ್ದನ್ನು ತಲೆಯಲ್ಲಿ ಹೊತ್ತು ಇಚಿಲಂಪಾಡಿಯವರೆಗೆ ನಡೆದು ಮಾರಿದಳು. ಕೆದುವಿನ ಗೂಟ ಮಳೆಗೆ ಕೊಳೆತು ಬಿತ್ತು. ಬೇಸಗೆಯಲ್ಲಿ ಪಟೇಲರ ಬಾವಿ ಬತ್ತಿದಾಗ ಅವರ ಮನೆಯ ಕೊಡಗಳೂ ಕೆದುವಿಗೇ ಬಂದವು. ಅವಳು ದಾರಿ ಬಿಟ್ಟು ನಿಂತಳು.

ಗುರುವಪ್ಪ ಮಾತ್ರ ದಿನಾ ಕೆಲಸಕ್ಕೆ ಹೋಗುವಾಗ ಹಾರೆ ಹೆಗಲಿಗೆ ಹಾಕಿಕೊಂಡು ದಂಡೆಯಲ್ಲಿ ನಿಲ್ಲುತ್ತಾನೆ. ಪಟೇಲರ ಚಾವಡಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗುತ್ತಾನೆ.

“ಮಿಂದಳಾ ಕರ್ಗೀ?”

ಮೊಣಕಾಲು ನೀರಿನಲ್ಲಿ ನಿಂತು, ಹಸಿರು ಬಿಟ್ಟು ಒಣಗಿದ ಎಲೆ ಮಾತ್ರ ಆರಿಸುವ ಕರ್ಗಿ ತಲೆ ಎತ್ತಿ ಅಷ್ಟೇ ಗಟ್ಟಿಯಾಗಿ ಹೇಳುತ್ತಾಳೆ.

“ಇಲ್ಲ ಮಾರಾಯ. ಇವತ್ತೂ ಇಲ್ಲ.”